ಜೂಜಿನ ವ್ಯಸನವೂ ಲಕ್ಕಮ್ಮ ತಾಯಿಯ ಪ್ರಶ್ನೆಯೂ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಕೈಗೊಂಡ ಕಾಯಕ ಅತ್ಯಂತ ಸರಳವಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು. ತಂದುದನ್ನು ಪತ್ನಿ ಲಕ್ಕಮ್ಮನವರು ಅಡಿಗೆ ಮಾಡಿ ದಾಸೋಹಕ್ಕೆ ಅರ್ಪಿಸುವುದು. ಪರಂಪರೆಯು ಹೇಳುವಂತೆ, ಒಂದು ದಿನ ಮಾರಯ್ಯನವರು ನಿತ್ಯದ ಅಳತೆಯನ್ನು ಮೀರಿದ ಅಕ್ಕಿಯನ್ನು ಹೊತ್ತು ಮನೆಗೆ ಬಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ. ಇಷ್ಟು ಅಕ್ಕಿ ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳಿದರು. ಹೆಚ್ಚಾದುದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಆಸೆಯಳಿದ ಬದುಕಿಗೆ ದೃಷ್ಟಾಂತವಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ಅದರಲ್ಲಿರುವ ಮತ್ತೊಂದು ಸೂಕ್ಷ್ಮವನ್ನು ಶರಣ ಬಂಧುಗಳು ಗಮನಿಸಬೇಕು. ಲಕ್ಕಮ್ಮ ತಾಯಿ ಪ್ರಶ್ನೆ ಕೇಳಿದ್ದು ಅಕ್ಕಿ ಕಡಿಮೆಯಾದ ದಿನವಲ್ಲ, ಹೆಚ್ಚಾದ ದಿನ. ಜೂಜಿನ ವ್ಯಸನ ಹೊಕ್ಕ ಮನೆಗಳಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ಕ್ರಮ. ಸೋತ ದಿನ ಮನೆಯವರೆಲ್ಲ ಪ್ರಶ್ನೆ ಕೇಳುತ್ತಾರೆ, ಜಗಳವಾಗುತ್ತದೆ, ಅಳು ಕೇಳಿಬರುತ್ತದೆ. ಗೆದ್ದ ದಿನ ಯಾರೂ ಏನನ್ನೂ ಕೇಳುವುದಿಲ್ಲ. ಅಂದು ಮನೆಗೆ ಕುಂದಾ ಬರುತ್ತದೆ, ಮಕ್ಕಳಿಗೆ ಹೊಸ ಬಟ್ಟೆ ಬರುತ್ತದೆ, ಕಿರಾಣಿ ಅಂಗಡಿಯ ಹಳೆಯ ಬಾಕಿ ತೀರುತ್ತದೆ. ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿಯೂ ಈ ವ್ಯಸನದ ಕುರಿತು ಜಾಗೃತಿ ಮೂಡಬೇಕಾದರೆ ಅದು ಗೆದ್ದ ದಿನದಿಂದಲೇ ಆರಂಭವಾಗಬೇಕು.

ಈ ಭಾಗದಲ್ಲಿ ಜೂಜಿನ ಮುಖಗಳು ಹಲವು. ಇಸ್ಪೀಟು, ಅಂದರ್-ಬಾಹರ್ ಹಳೆಯವು. ಅವುಗಳಿಗಿಂತ ಆಳವಾಗಿ ಬೇರೂರಿರುವುದು ಜನರ ಬಾಯಲ್ಲಿ ಓಸಿ ಎಂದು ಹೆಸರಾದ ಮಟಕಾ. ಅದರ ಮೂಲ ಮುಂಬಯಿಯಲ್ಲಿದೆ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ತಂತಿಯ ಮೂಲಕ ಬರುತ್ತಿದ್ದ ಆರಂಭದ ದರ ಮತ್ತು ಮುಕ್ತಾಯದ ದರಗಳ ಮೇಲೆ ಅಲ್ಲಿಯ ಜನ ಪಣ ಕಟ್ಟುತ್ತಿದ್ದರು. ಓಪನ್ ಮತ್ತು ಕ್ಲೋಸ್ ಎಂಬ ಮಾತುಗಳು ಹುಟ್ಟಿದ್ದು ಅಲ್ಲಿಂದ. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತಾಗ, ಅಂಕಿಗಳನ್ನು ಬರೆದ ಚೀಟಿಗಳನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ ಎತ್ತುವ ಉಪಾಯವನ್ನು ಕಂಡುಕೊಳ್ಳಲಾಯಿತು. ಗಡಿಗೆಗೆ ಮಟಕಾ ಎನ್ನುವುದರಿಂದ ಆಟಕ್ಕೂ ಅದೇ ಹೆಸರಾಯಿತು. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಇದನ್ನು ದೊಡ್ಡ ವ್ಯವಹಾರವಾಗಿಸಿದರು. ಇಂದಿಗೂ ಚಹದಂಗಡಿಯ ಮುಂದೆ ಕೇಳಿಬರುವ ‘ಕಲ್ಯಾಣ ಏನು ಬಂತು?’ ಎಂಬ ಪ್ರಶ್ನೆಯಲ್ಲಿರುವುದು ಆ ಭಗತನ ಹೆಸರು. ಬಸವಣ್ಣನವರ ಕಲ್ಯಾಣವನ್ನು ನೆನೆಯಬೇಕಾದ ನಾಲಗೆಗಳು ದಿನಕ್ಕೆ ಎರಡು ಸಲ ಈ ಕಲ್ಯಾಣವನ್ನು ಜಪಿಸುತ್ತಿರುವುದು ವಿಷಾದಕರ. ಗಡಿಗೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬಹುದು. ಖಾನಾಪುರವು ಜೇಡಿಮಣ್ಣಿಗೆ, ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇರುವುದು ಅಲ್ಲಿ. ಕುಂಬಾರ ಗುಂಡಯ್ಯನವರಂಥ ಶರಣರ ಕಾಯಕದ ವಸ್ತುವಾದ ಗಡಿಗೆ ಕಾಯಕವನ್ನೇ ಕೆಡಿಸುವ ಆಟಕ್ಕೆ ಹೆಸರಾಗಬೇಕಾಯಿತು.

ಓಸಿ ಆಡುವವರಿಗೆ ಲೆಕ್ಕ ಗೊತ್ತಿಲ್ಲವೆಂದು ತಿಳಿಯುವುದು ತಪ್ಪು. ಅವರು ಹಳೆಯ ಅಂಕಿಗಳ ಚಾರ್ಟುಗಳನ್ನು ಗಂಟೆಗಟ್ಟಲೆ ಅಧ್ಯಯನ ಮಾಡುತ್ತಾರೆ, ಕನಸುಗಳನ್ನು ಅಂಕಿಗೆ ತಿರುಗಿಸುತ್ತಾರೆ. ಮಾಡದೆ ಬಿಡುವುದು ಒಂದೇ ಒಂದು ಲೆಕ್ಕವನ್ನು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿವೆ. ಒಂದು ಅಂಕಿಗೆ ಹತ್ತು ರೂಪಾಯಿ ಹಚ್ಚಿ ಗೆದ್ದರೆ ಸಾಮಾನ್ಯವಾಗಿ ಕೈಗೆ ಬರುವುದು ತೊಂಬತ್ತು ರೂಪಾಯಿ. ಹತ್ತೂ ಅಂಕಿಗಳಿಗೆ ಹತ್ತು ಹತ್ತು ರೂಪಾಯಿ ಹಚ್ಚಿದವನು ನಿಶ್ಚಯವಾಗಿ ಗೆಲ್ಲುತ್ತಾನೆ. ನೂರು ಕೊಟ್ಟು ತೊಂಬತ್ತು ಪಡೆಯುತ್ತಾನೆ. ಜೋಡಿಯಲ್ಲಿಯೂ ಇದೇ ಅನುಪಾತ: ನೂರರಲ್ಲಿ ಒಂದು ಸಾಧ್ಯತೆ, ತೊಂಬತ್ತು ಪಟ್ಟು ಹಣ. ಅಂದರೆ ಪ್ರತಿ ಸುತ್ತಿನಲ್ಲಿ ಸರಾಸರಿ ಹತ್ತನೆಯ ಒಂದು ಭಾಗ ಗಡಿಗೆಯ ಒಡೆಯನಿಗೆ ಸಲ್ಲುತ್ತದೆ. ಬಂದುದನ್ನೆಲ್ಲ ಮತ್ತೆ ಹಚ್ಚುತ್ತ ಹೋದರೆ, ನೂರು ರೂಪಾಯಿ ಹತ್ತು ಸುತ್ತುಗಳಲ್ಲಿ ಸರಾಸರಿ ಮೂವತ್ತೈದಕ್ಕೂ ಇಪ್ಪತ್ತು ಸುತ್ತುಗಳಲ್ಲಿ ಹನ್ನೆರಡಕ್ಕೂ ಇಳಿಯುತ್ತದೆ. ಇದರಲ್ಲಿ ಅದೃಷ್ಟದ ಮಾತೇ ಇಲ್ಲ. ಇದು ಕೇವಲ ಗುಣಾಕಾರ. ಯಾವ ಚಾರ್ಟೂ ಈ ಗುಣಾಕಾರವನ್ನು ಬದಲಿಸಲಾರದು.

ಕಾನೂನು ಇದನ್ನು ಬಹಳ ಹಿಂದೆಯೇ ಅಪರಾಧವೆಂದು ಸಾರಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮಿನ ಅಡಿಯಲ್ಲಿ ಚೀಟಿ ಬರೆಯುವವರನ್ನು ಹಿಡಿದ ಸುದ್ದಿ ಸ್ಥಳೀಯ ಪತ್ರಿಕೆಗಳ ಒಳಪುಟಗಳಲ್ಲಿ ನಿತ್ಯದ ವಿಷಯ. ಲಾಟರಿಯನ್ನು ರಾಜ್ಯ 2007ರಲ್ಲಿ ನಿಷೇಧಿಸಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದು ಸರ್ಕಾರದ್ದೇ ವ್ಯವಹಾರ. ಅನಂತರ ಜೂಜು ಅಂಗೈಗೆ ಬಂತು. ಮೊಬೈಲಿನಲ್ಲಿ ರಮ್ಮಿ, ಕ್ರಿಕೆಟ್ಟಿನ ಕಾಲದಲ್ಲಿ ಬಾಲ್ ಬಾಲಿಗೆ ಪಣ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ ಮಾತನ್ನು ಆಧರಿಸಿ ಈ ಉದ್ಯಮ ಬೆಳೆಯಿತು. ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ಜಾರಿಗೆ ತಂದ ತಿದ್ದುಪಡಿಯಲ್ಲಿ ಆನ್‌ಲೈನ್ ಆಟಗಳಿಗೆ ಸಂಬಂಧಿಸಿದ ಭಾಗವನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನು ಬದಿಗಿಟ್ಟು, ಹಣ ಹೂಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಮಾತ್ರ ಶಿಕ್ಷೆಯಿಲ್ಲ. ಆಡಿ ಕೆಟ್ಟವನನ್ನು ಅಪರಾಧಿಯೆಂದು ಕಾಣದ ಈ ದೃಷ್ಟಿ ಮೆಚ್ಚತಕ್ಕದ್ದು. ಸಮಾಜವಾದರೋ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ.

ಆದರೂ ಕಾನೂನಿನಿಂದಲೇ ಎಲ್ಲವೂ ಆದೀತೆಂದು ನಂಬುವಂತಿಲ್ಲ. ಅಂಗಡಿ ಮುಚ್ಚಿದ ಮಾತ್ರಕ್ಕೆ ಗಿರಾಕಿಯ ಹಸಿವು ಇಂಗುವುದಿಲ್ಲ. ಆರು ದಶಕಗಳ ಕಾಯ್ದೆಯ ನಂತರವೂ ಓಸಿ ಉಳಿದಿರುವುದು ಅದಕ್ಕೆ ಸಾಕ್ಷಿ. ಮೇಲಾಗಿ ಬೆಳಗಾವಿಗೆ ಒಂದು ವಿಶೇಷ ಕಷ್ಟವಿದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿದರೆ ಕೆಲವೇ ಗಂಟೆಗಳಲ್ಲಿ ಪಣಜಿ. ಅಲ್ಲಿ ಮಾಂಡವಿ ನದಿಯ ಮೇಲೆ ದೀಪ ಹೊತ್ತಿಸಿಕೊಂಡು ನಿಂತಿರುವ ಕ್ಯಾಸಿನೊ ಹಡಗುಗಳು ಕಾನೂನುಬದ್ಧವಾದವು. ಗೋವಾದ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ಆದ ತಿದ್ದುಪಡಿಗಳು ಅವುಗಳಿಗೆ ದಾರಿ ಮಾಡಿಕೊಟ್ಟವು. ಆ ಮಾಂಡವಿ ಬೇರೆ ಯಾವುದೂ ಅಲ್ಲ. ಖಾನಾಪುರ ತಾಲೂಕಿನ ದೇಗಾಂವ ಬಳಿಯ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ಆ ನದಿಯ ನೀರಿಗಾಗಿ ನ್ಯಾಯಮಂಡಳಿ ಕುಳಿತಿತು, 2018ರಲ್ಲಿ ತೀರ್ಪು ಬಂತು, ಹೋರಾಟ ಇನ್ನೂ ನಡೆದಿದೆ. ಅದೇ ದಿಕ್ಕಿಗೆ ಪ್ರತಿ ಶನಿವಾರ ಹರಿದುಹೋಗುವ ಈ ಭಾಗದ ಹಣದ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತಲೂ ಚಿಂತನೀಯ. 2020ರ ಫೆಬ್ರವರಿ 1ರಿಂದ ಗೋವಾದ ನಿವಾಸಿಗಳು ಕ್ಯಾಸಿನೊಗಳನ್ನು ಪ್ರವೇಶಿಸುವಂತಿಲ್ಲವೆಂದು ಅಲ್ಲಿಯ ಸರ್ಕಾರವೇ ಪ್ರಕಟಿಸಿತು. ತನ್ನ ಮನೆಯ ಮಕ್ಕಳು ಉಣ್ಣಬಾರದೆಂದು ಎತ್ತಿಟ್ಟ ಅಡಿಗೆಯನ್ನು ನೆರೆಮನೆಯ ಮಕ್ಕಳಿಗೆ ಬಡಿಸಿದಂತೆ ಇದು.

ವ್ಯಸನ ಎಂಬ ಮಾತನ್ನು ಇಲ್ಲಿ ಬೈಗುಳಾಗಿ ಬಳಸಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜನ್ನು ಮದ್ಯ, ಮಾದಕಗಳ ಸಾಲಿನ ಕಾಯಿಲೆಗಳೊಡನೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿಯೂ ಅದಕ್ಕೆ ಅಂಥದೇ ಸ್ಥಾನವಿದೆ. ಹಬ್ಬಕ್ಕೊಮ್ಮೆ ಆಡಿ ಎದ್ದು ಹೋಗುವವರೆಲ್ಲ ರೋಗಿಗಳಲ್ಲ. ಯಾವಾಗ ಆಡಬೇಕು, ಎಷ್ಟು ಹಚ್ಚಬೇಕು, ಯಾವಾಗ ಏಳಬೇಕು ಎಂಬ ಹಿಡಿತ ಕೈತಪ್ಪಿದಾಗ, ಹೆಂಡತಿ ಮಕ್ಕಳು ಕಾಯಕಗಳೆಲ್ಲ ಆಟದ ಹಿಂದೆ ಸರಿದಾಗ, ಕೆಡುಕು ಕಣ್ಣಿಗೆ ಕಂಡರೂ ನಿಲ್ಲಿಸಲಾಗದಾಗ ಅದು ರೋಗ. ಅಂಥವನನ್ನು ಮತ್ತೆ ಮತ್ತೆ ಎಳೆಯುವುದು ಗೆಲ್ಲುವ ಆಸೆಗಿಂತ ಹೆಚ್ಚಾಗಿ, ಕಳೆದುದನ್ನು ಮರಳಿ ತರುವ ಹಟ. ನಾಲ್ಕು ಬಂದೀತೆಂದು ಹಚ್ಚಿದಾಗ ಐದು ಬಂದರೆ, ಸೋತೆನೆಂದು ಆತನ ಮನಸ್ಸು ಒಪ್ಪುವುದಿಲ್ಲ, ಹತ್ತಿರ ಬಂದೆನೆಂದು ಹಿಗ್ಗುತ್ತದೆ. ಮೊಬೈಲಿನ ಆಟಗಳಲ್ಲಿ ಈ ‘ಹತ್ತಿರ ಬಂದೆ’ ಎಂಬ ಭ್ರಮೆಗೆ ಕೊರತೆಯೇ ಇಲ್ಲ. ಮದ್ಯಪಾನಿಯ ಬಾಯಿ ವಾಸನೆ ಬರುತ್ತದೆ, ಕಾಲು ತಡವರಿಸುತ್ತದೆ. ಜೂಜುಗಾರನಿಗೆ ಅಂಥ ಯಾವ ಗುರುತೂ ಇಲ್ಲ. ಆತ ಮಜ್ಜನ ಮಾಡಿ, ವಿಭೂತಿ ಧರಿಸಿ, ಪಕ್ಕದಲ್ಲಿಯೇ ಊಟಕ್ಕೆ ಕುಳಿತಿರುತ್ತಾನೆ. ಮನೆಯವರಿಗೆ ವಿಷಯ ತಿಳಿಯುವುದು ಸಾಲಗಾರ ಬಾಗಿಲು ಬಡಿದಾಗ.

ಶಹಾಪುರದ ಅಥವಾ ವಡಗಾವಿಯ ಒಂದು ನೇಕಾರ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಅದು ನಂದಗಡದ ರೈತ ಕುಟುಂಬವೂ ಆಗಬಹುದು, ವ್ಯತ್ಯಾಸ ಬಹಳವಿಲ್ಲ. ಮಗ್ಗದ ಕೂಲಿ ತಂದುಕೊಡುತ್ತಿದ್ದ ಗಂಡ ಒಂದು ಸಂಜೆ ಏಳೆಂಟು ಸಾವಿರ ರೂಪಾಯಿ ತಂದು ಹೆಂಡತಿಯ ಕೈಗಿಡುತ್ತಾನೆ. ಗೆಳೆಯನೊಬ್ಬ ಹಳೆಯ ಕೈಗಡ ತೀರಿಸಿದನೆಂದು ಹೇಳುತ್ತಾನೆ. ಆಕೆಗೆ ಸಂಶಯವಿಲ್ಲದೆ ಇಲ್ಲ. ಆದರೆ ಮಗಳ ಶಾಲೆಯ ಶುಲ್ಕ ಕಟ್ಟಬೇಕಾಗಿದೆ. ಕೇಳುವುದಿಲ್ಲ. ವರ್ಷ ಕಳೆಯುವುದರೊಳಗೆ ಆಕೆಯ ಬಳೆಗಳು ಬಂಗಾರದ ಸಾಲದ ಅಂಗಡಿಯಲ್ಲಿವೆ, ಮಹಿಳಾ ಸಂಘದಿಂದ ಆಕೆಯ ಹೆಸರಿನಲ್ಲಿ ತೆಗೆದ ಸಾಲದ ಕಂತು ತಪ್ಪಿದೆ, ಓಣಿಯ ಬಡ್ಡಿಯವನು ಮನೆಯ ಮುಂದೆ ನಿಂತಿದ್ದಾನೆ. ಆಗ ಭಾವನವರು ಬರುತ್ತಾರೆ. “ಇದೊಂದ್ ಸಲ ನಾ ತೀರಸ್ತೀನಿ ತಂಗಿ, ಯಾರ ಮುಂದೂ ಹೇಳಬ್ಯಾಡ. ಊರಾಗ ಮಾನ ಹೋಗೂದು ಬ್ಯಾಡ” ಎನ್ನುತ್ತಾರೆ. ಹೊಲದ ಕಾಗದ ಅಡವಿಟ್ಟು ಎಲ್ಲ ಸಾಲ ತೀರಿಸುತ್ತಾರೆ. ತಮ್ಮನಿಂದ ಮಗುವಿನ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸುತ್ತಾರೆ.

ಇಲ್ಲಿ ಅಣ್ಣನ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೂ ಇದಕ್ಕಿಂತ ದೊಡ್ಡ ಅಪಾಯ ಆ ಮನೆಗೆ ಇನ್ನೊಂದಿಲ್ಲ. ಸಾಲವೆಲ್ಲ ಗುಟ್ಟಾಗಿ ತೀರಿದುದರಿಂದ ಜೂಜುಗಾರನಿಗೆ ಉಳಿಯುವ ಅನುಭವ ಒಂದೇ: ಎಷ್ಟು ಸೋತರೂ ಕೊನೆಗೆ ಯಾರೋ ಎತ್ತುತ್ತಾರೆ. ಬಡ್ಡಿಯವನ ದೃಷ್ಟಿಯಲ್ಲಿ ಆತ ಮತ್ತೆ ಸಾಲಕ್ಕೆ ಯೋಗ್ಯನಾದ ಗಿರಾಕಿಯಾಗುತ್ತಾನೆ. ಆಣೆಯ ಪಾಡೂ ಅಷ್ಟೇ. ರೋಗಕ್ಕೆ ಆಣೆ ಔಷಧವಲ್ಲ. ಮೂರು ತಿಂಗಳಿಗೆ ಅದು ಮುರಿದಾಗ, ಮಗುವಿನ ತಲೆಮುಟ್ಟಿ ಹೇಳಿದ ಮಾತನ್ನು ಮುರಿದೆನೆಂಬ ಪಾಪಭಯ ಹಳೆಯ ಲಜ್ಜೆಗೆ ಸೇರಿ, ಆತ ಮೊದಲಿಗಿಂತ ಆಳವಾಗಿ ಬಚ್ಚಿಡುತ್ತಾನೆ. ಬಚ್ಚಿಟ್ಟ ಸಾಲ, ಎಣಿಕೆಯಿಲ್ಲದ ಲಜ್ಜೆ ಇವೆರಡೂ ಸೇರಿದ ಕಡೆಯೇ ಕೆಲವರು ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಮಾನ ಉಳಿಸಲೆಂದು ಮಾಡಿದ ಗುಟ್ಟು ಮಾನವನ್ನೂ ಉಳಿಸುವುದಿಲ್ಲ, ಮನುಷ್ಯನನ್ನೂ ಉಳಿಸುವುದಿಲ್ಲ.

ಸಮಾಜವೂ ಗೆದ್ದ ದಿನ ಕಣ್ಣು ಮುಚ್ಚಿಕೊಳ್ಳುವುದರಲ್ಲಿ ಮನೆಗಿಂತ ಹಿಂದೆ ಬಿದ್ದಿಲ್ಲ. ಜಾತ್ರೆಯ ಪಟ್ಟಿ ಎತ್ತುವಾಗ ಓಸಿ ಬರೆಸುವವನು ಕೊಟ್ಟ ದೊಡ್ಡ ಮೊತ್ತವನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುವ ಊರುಗಳಿವೆ. ಬಲಿಪಾಡ್ಯಮಿಯಂದು ಶಿವ ಪಾರ್ವತಿಯರೇ ಪಗಡೆ ಆಡಿದರೆಂಬ ಕಥೆಯನ್ನು ಮುಂದೆ ಮಾಡಿ ಇಸ್ಪೀಟಿಗೆ ಧರ್ಮದ ಒಪ್ಪಿಗೆ ಕೊಡುವ ಹಿರಿಯರಿದ್ದಾರೆ. ಇನ್ನು ಮಠಮಾನ್ಯಗಳ ಕಡೆಗೂ ಬೆರಳು ತೋರಿಸದೆ ವಿಧಿಯಿಲ್ಲ. ಅಜ್ಜನವರ ಪಾದಕ್ಕೆರಗಿ, ಅವರು ಸಹಜವಾಗಿ ಆಡಿದ ಒಂದು ಮಾತಿನಲ್ಲಿ, ಎತ್ತಿದ ಎರಡು ಬೆರಳಿನಲ್ಲಿ ಅಂದಿನ ಅಂಕಿಯನ್ನು ಹುಡುಕಿಕೊಂಡು ಹೋಗುವ ‘ಭಕ್ತರು’ ಈ ಭಾಗದಲ್ಲಿ ಹೊಸಬರಲ್ಲ. ಅಂಥವರನ್ನು ನಕ್ಕು ಕಳುಹಿಸುವುದು ಸಾಲದು. ಕೂರಿಸಿಕೊಂಡು ಸಾಲ ಎಷ್ಟಿದೆಯೆಂದು ವಿಚಾರಿಸಬೇಕು.

ದಾನಕ್ಕೆ ಬಳಸಿದರೆ ಗೆದ್ದ ಹಣವೂ ಶುದ್ಧವಾಗುವುದಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಕ್ಷುಲ್ಲಕವಲ್ಲ. ಶರಣರು ಗೌರವಿಸಿದ ಅರವತ್ತುಮೂವರು ಪುರಾತನರಲ್ಲಿಯೇ ಮೂರ್ಖ ನಾಯನಾರರೆಂಬ ಜೂಜುಗಾರರಿದ್ದಾರೆ. ಗೆದ್ದುದನ್ನೆಲ್ಲ ಶಿವಭಕ್ತರ ಅನ್ನಕ್ಕೆ ವಿನಿಯೋಗಿಸಿದರೆಂದು ತಮಿಳಿನ ಪೆರಿಯಪುರಾಣ ಅವರನ್ನು ಕೊಂಡಾಡುತ್ತದೆ. ಭಕ್ತಿಯ ತೀವ್ರತೆ ಎಲ್ಲವನ್ನೂ ತೊಳೆಯುತ್ತದೆಂಬುದು ಆ ಕಾಲದ ನಿಲುವು. ಕಲ್ಯಾಣದ ಶರಣರು ಇದೇ ಸ್ಥಳದಲ್ಲಿ ಬೇರೊಂದು ಹೆಜ್ಜೆ ಇಟ್ಟರು. ಅವರ ಕ್ರಮದಲ್ಲಿ ದಾಸೋಹಕ್ಕಿಂತ ಮೊದಲು ಕಾಯಕವಿದೆ. ಅನ್ನ ಯಾರಿಗೆ ಸಲ್ಲಿತು ಎಂಬುದಕ್ಕಿಂತ ಮೊದಲು ಅದು ಯಾವ ದುಡಿಮೆಯಿಂದ ಬಂತು ಎಂಬ ವಿಚಾರವಿದೆ. ಮಾರಯ್ಯನವರು ತಂದ ಅಧಿಕ ಅಕ್ಕಿಯೂ ದಾಸೋಹಕ್ಕೆಂದೇ ಬಂದುದಲ್ಲವೇ? ಆದರೂ ಲಕ್ಕಮ್ಮನವರು ಒಲೆ ಹೊತ್ತಿಸಲಿಲ್ಲ. ಬೀದಿಯಲ್ಲಿ ಬಿದ್ದ ಪರರ ಹೊನ್ನನ್ನು ಮುಟ್ಟೆನೆಂದ ಶರಣೆ ಸತ್ಯಕ್ಕನವರ ನಿಷ್ಠೆಯೂ ಇದೇ ಬಗೆಯದು. ಗೆದ್ದ ಹಣವೆಂದರೆ ಇನ್ನೊಂದು ಮನೆಯ ಒಲೆ ಹೊತ್ತದೆ ಉಳಿದ ಹಣ. ಅದನ್ನು ಪಟ್ಟಿಯಾಗಿ ಸ್ವೀಕರಿಸುವ ಸಮಿತಿಗಳು ಲಕ್ಕಮ್ಮ ತಾಯಿಯ ಜಯಂತಿಯನ್ನು ಆಚರಿಸುವ ಮೊದಲು ಒಮ್ಮೆ ಯೋಚಿಸಬೇಕು.

ವ್ಯಸನದಿಂದ ಬಿಡುಗಡೆಯ ದಾರಿಯನ್ನು ಈ ಪರಂಪರೆ ಕೇವಲ ಗ್ರಂಥಗಳಲ್ಲಿ ಬಿಟ್ಟಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳಿಗೆ ಹಿಡಿದವರು ದವಸವನ್ನೋ ಹಣವನ್ನೋ ಬೇಡುವುದು ವಾಡಿಕೆ. ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಮನೆಮನೆಯ ಮುಂದೆ, ದಲಿತರ ಕೇರಿಗಳಲ್ಲಿ, ಜಾತ್ರೆಗಳಲ್ಲಿ ಜೋಳಿಗೆ ಒಡ್ಡಿ ನಿಂತರು. 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಗಳಿಗೂ ಮಿಕ್ಕಿ ಆ ಕಾಯಕ ನಡೆಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ.

ಮಹಾಂತ ಜೋಳಿಗೆಯ ಶಕ್ತಿ ಎಲ್ಲಿತ್ತೆಂಬುದನ್ನು ಸರಿಯಾಗಿ ತಿಳಿಯಬೇಕು. ಆಣೆ ಮಾಡಿಸುವವರು ಊರಲ್ಲಿ ಮೊದಲೂ ಇದ್ದರು. ಜೋಳಿಗೆಯ ಮುಂದೆ ಬಂದವನು ತನ್ನ ಚಟವನ್ನು ಹತ್ತು ಜನರೆದುರು ಹೆಸರಿಟ್ಟು ಹೇಳಬೇಕಾಗಿತ್ತು; ಹೇಳಿದವನನ್ನು ಯಾರೂ ಹೀಯಾಳಿಸುವಂತಿರಲಿಲ್ಲ, ಏಕೆಂದರೆ ಅದು ಆಗಲೇ ಸ್ವಾಮಿಗಳ ಜೋಳಿಗೆಯಲ್ಲಿತ್ತು. ಗುಟ್ಟು ಮುರಿಯುತ್ತಿದ್ದುದು ಅಲ್ಲಿ. 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿದ ಅನಾಮಿಕ ಜೂಜುಗಾರರ ಸಂಘವೂ ಇದೇ ತತ್ತ್ವದ ಮೇಲೆ ನಿಂತಿದೆ: ಬಿಡಬೇಕೆನ್ನುವವರು ವೃತ್ತವಾಗಿ ಕುಳಿತು, ಹೇಗೆ ಕೆಟ್ಟೆವು, ನಿನ್ನೆಯ ದಿನವನ್ನು ಹೇಗೆ ಕಳೆದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅನುಭವ ಮಂಟಪದ ಹೆಸರು ಹೇಳುವ ಸಮಾಜಕ್ಕೆ ಈ ಪದ್ಧತಿ ಅಪರಿಚಿತವೆನಿಸಬಾರದು. ಪರಂಪರೆಯ ಪ್ರಕಾರ, ಕನ್ನ ಹಾಕುತ್ತಿದ್ದ ಮಾರಿತಂದೆ ಶರಣನಾದ ಮೇಲೂ ಕನ್ನದ ಮಾರಿತಂದೆ. ಹೆಂಡ ಮಾರುತ್ತಿದ್ದ ಮಾರಯ್ಯ ಹೆಂಡದ ಮಾರಯ್ಯ. ಹಿಂದಿನ ಬದುಕನ್ನು ಬಚ್ಚಿಟ್ಟು ಒಳಗೆ ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಜೂಜು ಬಿಟ್ಟವನೊಬ್ಬ ಇಂದು ಶಿವಾನುಭವ ಗೋಷ್ಠಿಯಲ್ಲಿ ಎದ್ದು ನಿಂತು ತನ್ನ ಕಥೆ ಹೇಳಿದರೆ ಎಷ್ಟು ಮಂದಿ ಕಿವಿಗೊಡುತ್ತಾರೆ, ಎಷ್ಟು ಮಂದಿ ಆತನ ಮಗಳ ಸಂಬಂಧವನ್ನು ಮುರಿಯುತ್ತಾರೆ ಎಂಬುದು ಬೇರೆ ಮಾತು. ಆದರೆ ಪರೀಕ್ಷೆ ಇರುವುದು ಅಲ್ಲಿಯೇ.

ಜೋಳಿಗೆಗೂ ಒಂದು ಮಿತಿಯಿದೆ. ಬೀಡಿಯ ಕಟ್ಟನ್ನು, ಗುಟ್ಕಾದ ಚೀಟಿಯನ್ನು ಅದರಲ್ಲಿ ಹಾಕಬಹುದು; ಮೊಬೈಲನ್ನು ಹಾಕಿ ಬರಲಾಗದು. ಕೂಲಿ ಬರುವುದೂ ಅದರಲ್ಲಿಯೇ, ಪಡಿತರದ ಸಂದೇಶ ಬರುವುದೂ ಅದರಲ್ಲಿಯೇ. ಆದುದರಿಂದ ಸಂಕಲ್ಪದ ಜೊತೆಗೆ ವ್ಯವಸ್ಥೆ ಬೇಕು. ಮೊದಲನೆಯದಾಗಿ, ಸಾಲವೆಲ್ಲವನ್ನೂ ಒಂದು ಹಾಳೆಯ ಮೇಲೆ ಆತನ ಕೈಯಿಂದಲೇ ಬರೆಸಬೇಕು. ಮೊದಲ ಸಲ ಬರೆದ ಪಟ್ಟಿ ಬಹುತೇಕ ಪೂರ್ಣವಾಗಿರುವುದಿಲ್ಲ, ವಾರ ಬಿಟ್ಟು ಮತ್ತೆ ಬರೆಸಬೇಕು. ಕೂಲಿ ಸಂಬಳಗಳು ಹೆಂಡತಿಯ ಅಥವಾ ತಾಯಿಯ ಖಾತೆಗೆ ಬರುವಂತಾಗಬೇಕು. ಎಟಿಎಂ ಕಾರ್ಡು ಮನೆಯಲ್ಲಿರಬೇಕು, ಫೋನಿನ ಮೂಲಕ ಹಣ ಕಳುಹಿಸುವ ಸೌಲಭ್ಯವನ್ನು ಕೆಲವು ಕಾಲ ತೆಗೆಸಿಡಬೇಕು. ಬೀಗರಿಗೆ, ಗೆಳೆಯರಿಗೆ ಕೈಗಡ ಕೊಡಬೇಡಿರೆಂದು ಸ್ಪಷ್ಟವಾಗಿ ಹೇಳಬೇಕು. ಇದು ಆತನಿಗೆ ಮಾಡುವ ಅವಮಾನವಲ್ಲ. ಕಾಲು ಮುರಿದವನಿಗೆ ಪಟ್ಟಿ ಕಟ್ಟಿದಂತೆ, ಮೂಳೆ ಕೂಡುವವರೆಗಿನ ಏರ್ಪಾಡು.

ಸಾಲಗಳಲ್ಲಿಯೂ ಭೇದವಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಪಣದ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಅಸಿಂಧು. ಸೋತ ಪಣದ ಹಣಕ್ಕಾಗಿ ಬುಕ್ಕಿಯು ಯಾವ ನ್ಯಾಯಾಲಯಕ್ಕೂ ಹೋಗಲಾರ. ಆತ ಮನೆಯ ಮುಂದೆ ನಿಂತು ಬೆದರಿಸಿದರೆ ಠಾಣೆಗೆ ಹೋಗಬೇಕಾದವರು ಮನೆಯವರು. ಮಗಳ ಮದುವೆಗೆಂದು ಇಟ್ಟ ಬಂಗಾರವನ್ನು ಮಾರಿ ಮೊದಲು ಬುಕ್ಕಿಯ ಬಾಕಿ ತೀರಿಸುವುದು ಈ ಭಾಗದಲ್ಲಿ ಮಾನದ ಲಕ್ಷಣವೆನಿಸಿದೆ, ಅದು ತಿಳಿಗೇಡಿತನ. ಸಂಘದಿಂದ, ಬ್ಯಾಂಕಿನಿಂದ ತಂದ ಸಾಲದ ಮಾತು ಬೇರೆ. ಅದನ್ನು ತೀರಿಸಲೇಬೇಕು, ಆದರೆ ಅಣ್ಣ ಒಂದೇ ದಿನದಲ್ಲಿ ತೀರಿಸಬಾರದು. ಆಡಿದವನೇ ತನ್ನ ದುಡಿಮೆಯಿಂದ ಕಂತುಕಂತಾಗಿ ತೀರಿಸಬೇಕು. ಆ ಕಂತು ಕಟ್ಟುವ ಪ್ರತಿ ತಿಂಗಳೂ ಆತ ಕಾಯಕಕ್ಕೆ ಒಂದು ಹೆಜ್ಜೆ ಮರಳುತ್ತಾನೆ. ನಡುವೆ ಒಮ್ಮೆ ಜಾರಿ ಬಿದ್ದರೂ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಈ ರೋಗದಲ್ಲಿ ಮರುಕಳಿಕೆ ಸಾಮಾನ್ಯ. ಜಾರಿದುದನ್ನು ಅಂದೇ ಮನೆಗೆ ಬಂದು ಹೇಳುವ ಧೈರ್ಯ ಆತನಿಗಿದೆಯೇ, ಹೇಳಿದಾಗ ಕೇಳುವ ತಾಳ್ಮೆ ಮನೆಯವರಿಗಿದೆಯೇ ಎಂಬುದಷ್ಟೇ ಮುಖ್ಯ.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವೂ, ಮೊಬೈಲ್ ಅಂತರ್ಜಾಲಗಳ ಗೀಳಿಗೆಂದೇ 2014ರಲ್ಲಿ ಆರಂಭವಾದ ಚಿಕಿತ್ಸಾಲಯವೂ ಇವೆ ನಿಜ. ಆದರೆ ಬೆಳಗಾವಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜನರ ಬಾಯಲ್ಲಿ ಅದಕ್ಕಿರುವ ಹಳೆಯ ಹೆಸರಿಗೆ ಹೆದರಿ ಹಿಂದೆ ಸರಿಯಬಾರದು. ನಗರದಲ್ಲಿಯೇ ಬಿಮ್ಸ್ ಆಸ್ಪತ್ರೆಯಿದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಖಾನಾಪುರದ ಕಡೆಯವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಅದರ ದಿನವನ್ನು ವಿಚಾರಿಸಿಕೊಳ್ಳಬಹುದು. ವೈದ್ಯರು ಮುಖ್ಯವಾಗಿ ಮಾಡುವುದು ಆಪ್ತಸಮಾಲೋಚನೆ. ಖಿನ್ನತೆಯೋ ಮದ್ಯಪಾನವೋ ಜೊತೆಗಿದ್ದರೆ ಅದಕ್ಕೆ ಔಷಧ. ಇನ್ನು 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆ ಮಾಡಿದರೆ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಹಣ ಕೊಡಬೇಕಾಗಿಲ್ಲ. ಜೂಜುಗಾರನೇ ಕರೆ ಮಾಡಬೇಕೆಂಬ ನಿಯಮವಿಲ್ಲ. ಆತ ಒಪ್ಪದಿದ್ದಾಗ ಹೆಂಡತಿಯೋ ತಾಯಿಯೋ ಮೊದಲು ಕರೆ ಮಾಡಿ, ಮನೆಯಲ್ಲಿ ಏನು ನಡೆದಿದೆ, ಆತನೊಡನೆ ಹೇಗೆ ಮಾತಿಗೆ ಕೂರಬೇಕು ಎಂದು ಕೇಳಿ ತಿಳಿದುಕೊಳ್ಳಬಹುದು. ಸೋತು ಬರುವ ದಿನಕ್ಕಾಗಿ ಆ ಕರೆಯನ್ನು ಮುಂದೂಡಬೇಕಾಗಿಯೂ ಇಲ್ಲ.